ಮನೆ ಆರುವ ತನಕ

ನಮ್ಮ ಸೀನಿಯರ್ ಅವರದು ಎರಡು ಕೆಮ್ಮು. ಎದೆಯಿಂದ ಬರುವ ದಪ್ಪ ಕೆಮ್ಮಿಗೆ ಅರ್ಥ, ಕೇಸಿಗೆ ವಾಯಿದೆ ಕೇಳು ಎಂದು. ಮೂಗಿನೊಳಗಿಂದ ಬರುವ ಸಣ್ಣ ಕೆಮ್ಮು ನನಗೇ ಮೀಸಲು. ಅದಕ್ಕೆ ಅರ್ಥ, ಬಾಯಿ ಮುಚ್ಚು ಎಂದು. ರಾಮನಗರದ ಕೋರ್ಟಿನಲ್ಲಿ ಅವರ ಹಿಂದೆ ಫೈಲು ಹೊತ್ತು ತಿರುಗಿದ ಮೊದಲ ವರ್ಷ ನಾನು ಎರಡನ್ನೂ ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಹೆಸರು ಕೂಗುವ ಜವಾನನ ರಾಗ, ಎಲೆಅಡಿಕೆ ತುಂಬಿದ ಬಾಯಲ್ಲಿ ಎದುರು ಪಕ್ಷದ ಹಿರಿಯ ವಕೀಲರು 'ಮಹಾಸ್ವಾಮೀ' ಎನ್ನುವುದು, ಜಡ್ಜ್ ಸಾಹೇಬರು ಆದೇಶ ಹೇಳುವ ಮುಂಚೆ ಕನ್ನಡಕ ಒರೆಸುತ್ತ 'ಹ್ಞೂಂ' ಎನ್ನುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಇಲ್ಲದ್ದು ಒಂದೇ, ವಾದ ಮಾಡಲು ನನ್ನದೇ ಆದ ದನಿ.

ಆಗ ಊರಿಗೆ ಊರೇ ರೇಷ್ಮೆಯ ಮೇಲೆ ನಿಂತಿತ್ತು. ಕನಕಪುರದಿಂದ ಬರುವ ಬಸ್ಸಿನ ಟಾಪಿನ ಮೇಲೆ ಗೂಡಿನ ಮೂಟೆ, ಒಳಗೆ ಜನ. ಕಂಡಕ್ಟರು ಮೂಟೆಗೆ ಕೊಡುತ್ತಿದ್ದ ಮರ್ಯಾದೆ ಜನಕ್ಕೆ ಸಿಗುತ್ತಿರಲಿಲ್ಲ. ಓಣಿಗೊಂದು ನೂಲು ತೆಗೆಯುವ ಶೆಡ್ಡು. ಬಿಸಿನೀರಲ್ಲಿ ಬೆಂದ ಹುಳುವಿನ ನಾತ ಕೋರ್ಟಿನ ಕಿಟಕಿಯೊಳಗೂ ಬರುತ್ತಿತ್ತು. ಬೆಂಗಳೂರಿನಿಂದ ಬಂದ ವಕೀಲರು ಕರವಸ್ತ್ರ ಹಿಡಿದುಕೊಂಡರೆ ಅವರು ಹೊರಗಿನವರು ಎಂದು ಗೊತ್ತಾಗುತ್ತಿತ್ತು.

ನಮ್ಮ ಕಕ್ಷಿದಾರಳು ಅಂಥದೊಂದು ಶೆಡ್ಡಿನಲ್ಲಿ ನೂಲು ತೆಗೆಯುವ ಹೆಂಗಸು. ಬೆರಳುಗಳು ಬಿಸಿನೀರಿಗೆ ಬೆಳ್ಳಗೆ ಸುಕ್ಕುಗಟ್ಟಿ, ವಕಾಲತ್ತಿಗೆ ರುಜು ಹಾಕುವಾಗ ಪೆನ್ನು ಜಾರಿ ಮೇಜಿನ ಕೆಳಗೆ ಹೋಗಿತ್ತು. ಗಂಡನ ಊರು ಕನಕಪುರದ ಕಡೆ. ಮನೆತುಂಬ ರೇಷ್ಮೆ ಹುಳು ಸಾಕುವವರು. ಗಂಡ ಹೆಂಡತಿಗೆ ಕೂಡಿಬರಲಿಲ್ಲ, ಆಕೆ ರಾಮನಗರದ ಅಣ್ಣನ ಮನೆ ಸೇರಿದಳು. ಯಾಕೆ ಕೂಡಿಬರಲಿಲ್ಲ ಎಂಬುದು ಆ ಇಬ್ಬರ ವಿಷಯ, ಅದನ್ನು ಇಲ್ಲಿ ಬಿಡುತ್ತೇನೆ. ವಿಚ್ಛೇದನದ ಅರ್ಜಿಯ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಒಬ್ಬಳೇ ಮಗಳ ಬಗ್ಗೆ. ಐದು ವರ್ಷದೊಳಗಿನ ಮಗುವನ್ನು ಕಾನೂನು ಸಾಮಾನ್ಯವಾಗಿ ತಾಯಿಯ ಬಳಿ ಇಡುತ್ತದೆ. ಈ ಹುಡುಗಿಗೆ ಐದು ತುಂಬಿ ಹುಟ್ಟುಹಬ್ಬದ ಪಾಯಸ ಇನ್ನೂ ಜೀರ್ಣವಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಅರ್ಜಿ ಕೋರ್ಟಿಗೆ ಬಂದಿತ್ತು.

ಸಾಹೇಬರು ಮಧ್ಯಂತರ ಆದೇಶ ಮಾಡಿದರು. ಮಗು ಸದ್ಯಕ್ಕೆ ತಂದೆಯ ಮನೆಯಲ್ಲಿ ಇರಲಿ, ತಾಯಿಗೆ ಭೇಟಿಯ ಅವಕಾಶ ಇರಲಿ, ಹೇಗೆ ಎಂಬುದನ್ನು ನೀವೇ ಬರೆದು ತನ್ನಿ. ಬರೆಯುವ ಭಾಗ್ಯ ನನ್ನದಾಯಿತು. ಬೆಂಗಳೂರಿನ ಒಂದು ಹಳೆಯ ಫೈಲಿನಿಂದ ಇಳಿಸಿದೆ: ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಂದೆಯು ಮಗುವನ್ನು ರಾಮನಗರ ಬಸ್‌ಸ್ಟ್ಯಾಂಡಿನಲ್ಲಿ ತಾಯಿಗೆ ಒಪ್ಪಿಸತಕ್ಕದ್ದು, ಸಂಜೆ ಐದಕ್ಕೆ ತಾಯಿಯು ಅಲ್ಲಿಯೇ ಹಿಂದಿರುಗಿಸತಕ್ಕದ್ದು. ಎರಡು ಕಡೆ 'ತಕ್ಕದ್ದು' ಬಂದಿದ್ದರಿಂದ ನನಗೆ ಬಹಳ ಹೆಮ್ಮೆ.

ಮೊದಲ ಒಂದೆರಡು ಭಾನುವಾರ ನಡೆಯಿತು. ಆಮೇಲೆ ಮಗು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಆಕೆ ಟೊಮೇಟೊ ಬಾತಿನ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದನ್ನು ನಾನೇ ಕಂಡೆ.

"ಬತ್ತದೆ ಬುಡಿ ಸಾ, ಹಾರೋಹಳ್ಳಿ ಬಸ್ಸು ಲೇಟಂತೆ," ಎಂದಳು. ಹಾರೋಹಳ್ಳಿಯ ಬಸ್ಸಿಗೂ ಗಂಡನ ಊರಿಗೂ ಸಂಬಂಧವೇ ಇರಲಿಲ್ಲ.

ನಾನು ಆದೇಶ ಮೀರಿದ್ದಾರೆಂದು ಅರ್ಜಿ ಟೈಪು ಮಾಡಿಸಿದೆ. ಅದನ್ನು ಹಾಕುವ ದಿನವೇ ಎದುರು ಪಕ್ಷದವರು ತಮ್ಮದೊಂದು ಅರ್ಜಿ ತಂದರು. ಎಲೆಅಡಿಕೆಯ ವಕೀಲರು ಎದ್ದು ನಿಂತು ಓದಿದರು: ಮಗು ಭಾನುವಾರ ನೂಲಿನ ಓಣಿಯಲ್ಲಿ ಆಡುತ್ತದೆ, ಅದೇ ಬಟ್ಟೆಯಲ್ಲಿ ಬಂದು ಹುಳುವಿನ ಮನೆಗೆ ನುಗ್ಗುತ್ತದೆ, ಇದರಿಂದ ಬೆಳೆಗೆ ರೋಗ ತಗುಲಿ ಹುಳುಗಳು ಸತ್ತಿವೆ, ಆದ್ದರಿಂದ ಭೇಟಿಯನ್ನೇ ನಿಲ್ಲಿಸಬೇಕು.

ಸೀನಿಯರ್ ಅಂದು ಮಾಗಡಿ ಕೋರ್ಟಿನಲ್ಲಿದ್ದರು. ನಾನು ಎದ್ದೆ. ಇಂಥ ಅರ್ಜಿಗೆ ನಗುವೊಂದೇ ಉತ್ತರ ಅನಿಸಿತು. "ಸ್ವಾಮಿ, ನಾಳೆ ಹುಳುಗಳಿಗೆ ನೆಗಡಿ ಬಂದರೂ ನಮ್ಮ ಕಕ್ಷಿದಾರಳ ಮೇಲೇ ಹೊರಿಸುತ್ತಾರೆ," ಎಂದು ಹೇಳಿ, ನೆಗಡಿಯಾದ ರೇಷ್ಮೆ ಹುಳು ಹೇಗೆ ಸೀನೀತು ಎಂಬುದನ್ನೂ ಸಣ್ಣಗೆ ಸೀನಿ ತೋರಿಸಿದೆ. ಹಿಂದಿನ ಬೆಂಚು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕನ್ನಡಕ ಒರೆಸಿದರು.

"ಹ್ಞೂಂ. ನಿಮ್ಮ ಕಕ್ಷಿದಾರಳು ಇಲ್ಲೇ ಇದ್ದಾರಲ್ಲ. ಏನಮ್ಮ, ನೂಲಿನ ಶೆಡ್ಡಿನಿಂದ ಹುಳುವಿನ ಮನೆಗೆ ರೋಗ ಹೋಗುತ್ತದೆಯೆ?"

ಆಕೆ ನನ್ನ ಕಡೆ ನೋಡಿದಳು. ಕತ್ತು ಎಷ್ಟು ಆಡುತ್ತದೋ ಅಷ್ಟು ಆಡಿಸಿ 'ಇಲ್ಲ ಅನ್ನು' ಎಂದೆ.

"ಹೋಯ್ತದೆ ಸ್ವಾಮಿ. ಬಟ್ಟೇಲೇ ಹೋಯ್ತದೆ. ನಾನು ಆ ಮನೇಲಿ ಇದ್ದಾಗ ನಾನೂ ನೂಲ್ನೋರ್ನ ಒಳೀಕೆ ಬುಡ್ತಿರ್ಲಿಲ್ಲ."

ಮುಂದಿನ ತಾರೀಖಿನವರೆಗೆ ಭೇಟಿಗೆ ತಡೆ ಬಿತ್ತು. ಇದ್ದ ಭಾನುವಾರವೂ ಹೋಯಿತು. ಹೊರಗೆ ಬಂದು ಹುಣಸೆ ಮರದ ಕೆಳಗೆ ನಾನು ಕೂಗಾಡಿದೆ. "ಯಾಕಮ್ಮ ಹಾಗಂದ್ರಿ? ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲ!"

"ಹೆಂಗ್ ಅನ್ಲಿ ಸಾ? ಆ ಬೆಳೆ ಹೋದ್ರೆ ನನ್ ಮಗೀಗೇ ಅಲ್ವಾ ಹೋಗದು? ಇನ್ನೂ ಒಂದ್ ಮಾತು, ನಮ್ಮತ್ತೆಮ್ಮ ಏನ್ ಬೇಕಾದ್ರೂ ಬೈತಾಳೆ, ಸುಳ್ ಮಾತ್ರ ಹೇಳೋಳಲ್ಲ. ರೋಗ ಬಂದೈತೆ ಅಂದ್ರೆ ಬಂದೈತೆ."

ಸಂಜೆ ಸೀನಿಯರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಸೀನಿದ್ದನ್ನು ಬಿಟ್ಟು. ಅದನ್ನು ಟೈಪಿಸ್ಟ್ ಹೇಳಿದ. ಮೂಗಿನ ಕೆಮ್ಮು ಬಂತು, ದಪ್ಪ ಕೆಮ್ಮು ಬಂತು, ಎರಡೂ ಕೂಡಿ ಬಂದದ್ದು ಅದೇ ಮೊದಲು. ಆಮೇಲೆ ಅವರು ಆಕೆಯನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದರು: "ನಿನಗೆ ಬೇಕಾಗಿರೋದು ಭಾನುವಾರಾನೋ, ಮಗುವೋ?"

"ಭಾನ್ವಾರ ಬತ್ತದೆ ಸಾ. ತಲೆ ಬಾಚಿ ಉಣ್ಣಾಕಿಕ್ಕೋ ಹೊತ್ಗೆ ಬಸ್ ಹೊತ್ತಾಯ್ತದೆ. ಒಂದ್ ರಾತ್ರೆನಾದ್ರೂ ಪಕ್ಕದಲ್ಲಿ ಮನೀಕಂಡಿಲ್ಲ."

"ಹುಳು ಮನೇಲಿ ಇಲ್ಲದೆ ಇರೋ ಕಾಲ ಯಾವುದು?"

ಆಗ ಆಕೆ ಹೇಳಿದ್ದು ನನಗೂ ಗೊತ್ತಿದ್ದ ವಿಷಯವೇ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಮರಿಹುಳು ಮನೆಗೆ ಬರುತ್ತದೆ, ಸೊಪ್ಪು ತಿನ್ನುತ್ತದೆ, ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ಮೇವು ಬಿಟ್ಟು ಅಲುಗದೆ ಕೂತು ಪೊರೆ ಕಳಚುತ್ತದೆ. ಕೊನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಇಡೀ ಮನೆ ಸೊಪ್ಪು ಹೊರಬೇಕು. ಮನುಷ್ಯರು ಜಗುಲಿಗೆ ಬರುತ್ತಾರೆ, ಒಳಗೆ ಒಗ್ಗರಣೆ ಕೂಡ ಹಾಕುವಂತಿಲ್ಲ, ವಾಸನೆ ಆಗದು. ತಿಂದು ಹಣ್ಣಾದ ಹುಳುವನ್ನು ತಡಮಾಡದೆ ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡನ್ನು ಮಾರುಕಟ್ಟೆಗೆ ಸಾಗಿಸಿದ ಮೇಲೆ ಮನೆ ತೊಳೆದು, ಔಷಧಿ ಹೊಡೆದು, ಸುಣ್ಣ ಬಳಿದು, ಒಣಗಲು ಬಿಡುತ್ತಾರೆ. ಅದು ಆರಿದ ಮೇಲೇ ಮುಂದಿನ ಮರಿಹುಳು. ನಡುವಿನ ಆ ದಿನಗಳಲ್ಲಿ ಮನೆಯಲ್ಲಿ ಒಂದು ಹುಳುವೂ ಇರುವುದಿಲ್ಲ. ರೋಗ ತಗುಲಲು ಏನೂ ಇಲ್ಲ.

ವರ್ಷಕ್ಕೆ ನಾಲ್ಕೈದು ಬೆಳೆ. ನಾಲ್ಕೈದು ಬಿಡುವು. ಹಗಲಷ್ಟೇ ಅಲ್ಲ, ರಾತ್ರಿಯೂ.

"ನೋಡಮ್ಮ," ಎಂದರು ಸೀನಿಯರ್. "ಇದನ್ನ ಕೇಳಬೇಕಾದರೆ ಭಾನುವಾರಗಳನ್ನ ನಾವೇ ಬಿಟ್ಟುಕೊಡಬೇಕು. ಅವರು ಒಪ್ಪದೆ ಹೋದರೆ ನಿನ್ನ ಕೈಯಲ್ಲಿ ಏನೂ ಉಳಿಯೋದಿಲ್ಲ."

ಆಕೆ ಸೆರಗಿನಲ್ಲಿ ಬೆರಳು ಒರೆಸಿಕೊಂಡಳು. "ಬುಟ್ಬುಡಿ ಸಾ."

ಎದುರು ವಕೀಲರ ಒಪ್ಪಿಗೆ ಪಡೆದು, ಒಂದು ದಿನ ಅವರು, ನಾನು, ಆಕೆ ಮೂವರೂ ಕನಕಪುರದ ಬಸ್ಸು ಹತ್ತಿದೆವು. ಅವರಿಗೆ ಎಲೆಅಡಿಕೆ ಉಗಿಯಲು ಕಿಟಕಿ ಬೇಕು, ನನಗೂ ಕಿಟಕಿ ಬೇಕು. ಇಡೀ ಪ್ರಯಾಣದಲ್ಲಿ ನಡೆದ ಸಂಧಾನ ಅದೊಂದೇ. ದೊಡ್ಡ ಮನುಷ್ಯನಂತೆ ಕಾಣಬೇಕೆಂದು ನಾನು ಅಂದು ಇಸ್ತ್ರಿ ಮಾಡಿದ ಕೋಟು ಹಾಕಿ, ತಲೆಗೆ ಘಮಘಮ ಎನ್ನುವ ಸಂಪಿಗೆ ಎಣ್ಣೆ ಬಳಿದಿದ್ದೆ.

ಆ ಮನೆಯ ಮುಂದೆ ಮುಳ್ಳುಬೇಲಿ, ತಡಿಕೆಯ ಗೇಟು, ರೋಗ ಒಳಗೆ ಬಾರದಿರಲೆಂದು ಗೇಟಿನ ಬುಡಕ್ಕೆ ಸುಣ್ಣ ಚೆಲ್ಲಿತ್ತು. ಆಕೆ ಸುಣ್ಣದ ಆಚೆಗೇ ನಿಂತಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಆದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ನಾನು ಗೇಟು ತಳ್ಳಿಕೊಂಡು ನಡೆದೆ. ಅಂಗಳದ ಅರ್ಧ ದಾಟಿದ್ದೆನೋ ಇಲ್ಲವೋ, ಜಗುಲಿಯಿಂದ ಮಗುವಿನ ಅಜ್ಜಿ, ಅಂದರೆ ಆ ಅತ್ತೆಮ್ಮ, ಹಾರಿ ಬಂದಳು.

"ಏಯ್, ನಿಂತ್ಕಳಯ್ಯ ಅಲ್ಲೇ! ಏನದು ನಿನ್ ತಲೇಲಿ? ಮದ್ವೆ ಗಂಡ್ ಬಂದಂಗ್ ಬಂದಿದ್ದೀಯ! ಹುಳ ಕೊನೇ ಜ್ವರಕ್ ಕುಂತವೆ, ಹಿಂದಕ್ ಹೋಗು!"

"ಅಮ್ಮ, ನಾನು ಲಾಯರು..."

"ಲಾಯರಾದ್ರೆ ಹುಳಕ್ಕೆ ಮೂಗಿಲ್ವಾ?"

ಎಲೆಅಡಿಕೆಯ ವಕೀಲರು ನಕ್ಕರು. ಅಜ್ಜಿ ಅವರ ಬಾಯಿಯ ಕಡೆ ಬೆರಳು ತೋರಿಸಿ, "ಹೊಗೆಸೊಪ್ಪು. ನೀವೂವೆ," ಎಂದಳು. ಹಾಗಾಗಿ ನಾವು ಮೂವರೂ ಬೇಲಿಯಾಚೆ, ಮನೆಯವರು ಜಗುಲಿಯ ಮೇಲೆ. ನಡುವೆ ಅಂಗಳದಷ್ಟು ದೂರ. ಸಂಧಾನವನ್ನು ಕೂಗಿ ಕೂಗಿ ಮಾಡಬೇಕಾಯಿತು. ಪಕ್ಕದ ಮನೆಯವರು ಕೆಲಸ ಬಿಟ್ಟು ಬಂದು ಕೂತರು.

ಅಷ್ಟರಲ್ಲಿ ಮಗು ಬಂತು. ಅಜ್ಜಿಯ ಸೀರೆ ಹಿಡಿದು ನಿಂತು ಗೇಟಿನ ಕಡೆ ನೋಡಿತು.

"ಅವ್ವ, ಇವತ್ತು ಭಾನ್ವಾರನಾ?"

"ಅಲ್ಲ ಮಗ."

"ಮತ್ಯಾಕ್ ಬಂದೆ?"

"ನಿನ್ ತಲೆ ನೋಡಾಕೆ. ಯಾರ್ ಬಾಚಿದ್ದು ಅದ?"

"ಅಪ್ಪ."

"ಅದ್ಕೇ ಓತಿಕ್ಯಾತನ ಬಾಲ ಆಗೈತೆ."

ಜಗುಲಿಯ ಮೂಲೆಯಲ್ಲಿ ಸೊಪ್ಪಿನ ಹೊರೆಗೆ ಒರಗಿ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ. "ನಂಗ್ ಬರದೇ ಅಷ್ಟು," ಎಂದ. ಕೋರ್ಟಿಗೆ ಬಂದ ಇಷ್ಟು ದಿನಗಳಲ್ಲಿ ಗಂಡ ಹೆಂಡತಿ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಗುವನ್ನು ನಗಿಸೋಣವೆಂದು ನಾನು ಬೇಲಿಯ ಮೇಲಿಂದ ಎಲೆಅಡಿಕೆಯ ವಕೀಲರ 'ಮಹಾಸ್ವಾಮೀ' ಮಾಡಿ ತೋರಿಸಿದೆ. ಅದು ನನ್ನನ್ನು ದಿಟ್ಟಿಸಿ ನೋಡಿ ಅಜ್ಜಿಯನ್ನು ಕೇಳಿತು: "ಇವ್ರಿಗೆ ಹೊಟ್ಟೆ ನೋವಾ?" ಹಿರಿಯ ವಕೀಲರು ನನ್ನ ಬೆನ್ನು ಚಪ್ಪರಿಸಿದರು. ಚಪ್ಪರಿಸಿದ್ದು ಒಸಿ ಜೋರಾಗಿಯೇ ಇತ್ತು.

ನಾನು ವಿಷಯ ಕೂಗಿದೆ. ಗೂಡು ಮಾರುವ ದಿನ ಮಗು ಅಪ್ಪನ ಜೊತೆ ಮಾರುಕಟ್ಟೆಗೆ ಬರಲಿ, ತಾಯಿ ಅಲ್ಲೇ ಕರೆದುಕೊಳ್ಳಲಿ. ಮುಂದಿನ ಹುಳು ಬರುವ ಮುಂಚೆ ವಾಪಸ್ಸು. ಭಾನುವಾರ ಬೇಡ.

ಅಪ್ಪ ಎದ್ದು ನಿಂತ. "ಆಮೇಲೆ ಇವ್ಳು ಕಳಿಸ್ದೆ ಹೋದ್ರೆ?"

"ನೀವು ಭಾನುವಾರ ಕಳಿಸದೆ ಹೋದಿರಲ್ಲ!"

"ಹುಳ ಹಣ್ಣಾಗಿದ್ವು ಕಣ್ ಸ್ವಾಮಿ! ಇಬ್ರೇ ಇರೋದು. ಯಾರ್ ಬುಟ್ಟು ಯಾರ್ ಬರಾದು ಬಸ್‌ಸ್ಟ್ಯಾಂಡ್ಗೆ?"

ನನ್ನ ಎರಡು 'ತಕ್ಕದ್ದು'ಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆಕೆ ಬೇಲಿಯ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದಳು: "ಕಳಿಸ್ತೀನಿ ಅತ್ತೆಮ್ಮ. ಹುಳ ಬರೋ ಮನೇಗೆ ಮಗೀನ ಕಳಿಸ್ದೆ ಇಟ್ಕಂಡು ನಾನೇನ್ ಮಾಡ್ಲಿ. ಅವಳ್ಗೂ ಹುಳ ಅಂದ್ರೆ ಜೀವ."

ಅಜ್ಜಿ ಸೊಸೆಯನ್ನು ನೋಡಿದಳು, ಆಕೆಯ ಕಾಲನ್ನು ನೋಡಿದಳು, ಸುಣ್ಣದ ಗೆರೆಯನ್ನು ನೋಡಿದಳು. "ತಲೆಗ್ ಎರ್ದು ಕಳಿಸ್ಬೇಕು," ಎಂದಳು. "ಶೆಡ್ಡೊಳಿಕ್ ಕರ್ಕಂಡ್ ಹೋಗಂಗಿಲ್ಲ. ವಾಪಸ್ ಬರೋಕ್ ಒಂದ್ ಬಟ್ಟೆ ಬ್ಯಾರೇನೇ ಎತ್ತಿಟ್ಟಿರ್ಬೇಕು. ಮನೆ ತೊಳ್ದು ಸುಣ್ಣ ಬಳ್ದು ಆರೋಗಂಟ ಇರ್ಲಿ. ಆರಿದ್ ಮ್ಯಾಕೆ ಒಂದ್ ಗಳಿಗೆನೂ ಬ್ಯಾಡ."

"ಆರಿದೆ ಅಂತ ಹೇಳೋರು ಯಾರು?" ಎಂದೆ ನಾನು.

"ಇನ್ಯಾರಪ್ಪ? ನಿಮ್ಮ ಜಡ್ಜು ಬಂದು ಗೋಡೆ ಮುಟ್ತಾರಾ?"

ವಾಪಸು ಬರುವಾಗ ಬಸ್ಸಿನಲ್ಲಿ ಆಕೆಗೆ ತಿಳಿಹೇಳಿದೆ. ಇದರಲ್ಲಿ ಅಪಾಯವಿದೆ. ಸುಣ್ಣ ಬಳಿದ ಮಾರನೆಯ ದಿನವೇ ಆರಿತು ಎಂದು ಅಜ್ಜಿ ಹೇಳಿದರೆ ಮಗು ವಾಪಸ್ಸು. ಆಕೆ ಕಿಟಕಿಯಾಚೆಯ ಹಿಪ್ಪುನೇರಳೆ ತೋಟ ನೋಡುತ್ತ ಅದೇ ಮಾತು ಹೇಳಿದಳು. ಅತ್ತೆಮ್ಮ ಸುಳ್ಳು ಹೇಳುವವಳಲ್ಲವಂತೆ.

ರಾಜಿ ಅರ್ಜಿಯನ್ನು ಬರೆದು ಹರಿದು ಬರೆದೆ. ಟೈಪಿಸ್ಟ್ ಪ್ರತಿ ಸಲವೂ 'ಮನೆ ಆರಿದ ನಂತರ' ಎಂಬಲ್ಲಿ ನಿಲ್ಲಿಸಿ, "ಇದು ಯಾವ ಸೆಕ್ಷನ್ನಿಗೆ ಬರ್ತದೆ ಸಾರ್?" ಎನ್ನುತ್ತಿದ್ದ. ಸಾಹೇಬರೂ ಅಲ್ಲೇ ಕನ್ನಡಕ ತೆಗೆದರು. ಕೋರ್ಟಿನ ಆದೇಶಕ್ಕೆ ತಾರೀಖು ಬೇಕು, ಹುಳುವಿಗೆ ಕ್ಯಾಲೆಂಡರ್ ಇಲ್ಲ. ನಾಳೆ ಯಾರಾದರೂ ಮೀರಿದರೆ ಯಾವ ದಿನ ಮೀರಿದರೆಂದು ಹೇಳುವುದು ಹೇಗೆ? ಸೀನಿಯರ್ ಎದ್ದು, ಗೂಡು ಹರಾಜಾದರೆ ಮಾರುಕಟ್ಟೆಯಲ್ಲಿ ಚೀಟಿ ಕೊಡುತ್ತಾರೆ, ಒಪ್ಪಿಸುವ ದಿನಕ್ಕೆ ಆ ಚೀಟಿಯೇ ಸಾಕ್ಷಿ ಎಂದರು. ಹಿಂದಿರುಗಿಸುವ ದಿನಕ್ಕೆ? ಸಾಹೇಬರು ತಾವೇ ಒಂದು ಸಾಲು ಸೇರಿಸಿದರು: ಅಜ್ಜಿಯ ಮಾತಿನಂತೆ, ಆದರೆ ಒಂದು ವಾರಕ್ಕಿಂತ ಮುಂಚೆ ಅಲ್ಲ. ಹುಡುಗಿ ಸ್ಕೂಲಿಗೆ ಸೇರಿದಾಗ ಮತ್ತೆ ಬನ್ನಿ, ಆಗ ಬೇರೆ ಬರೆಯೋಣ ಎಂದೂ ಹೇಳಿದರು. ಇಬ್ಬರೂ ರುಜು ಹಾಕಿದರು. ಈ ಸಲ ಆಕೆಯ ಪೆನ್ನು ಜಾರಲಿಲ್ಲ. ಪೀಠದಿಂದ ಇಳಿಯುವಾಗ ಸಾಹೇಬರು ನನ್ನ ಕಡೆ ತಿರುಗಿ, "ಜ್ಯೂನಿಯರ್ ಅವರೇ, ನಿಮ್ಮ ಹುಳುವಿನ ನೆಗಡಿ ವಾಸಿಯಾಯಿತೆ?" ಎಂದರು. ಹಿಂದಿನ ಬೆಂಚು ಇನ್ನೊಮ್ಮೆ ನಕ್ಕಿತು.

ಗೂಡು ಮಾರುವ ದಿನ ಬಂತು. ಹರಾಜು ಮುಗಿಸಿ ಮಾರುಕಟ್ಟೆಯ ಗೇಟಿಗೆ ಬಂದ ಅಪ್ಪನ ಹೆಗಲ ಮೇಲೆ ಖಾಲಿ ಚೀಲಗಳು, ಚೀಲಗಳ ಮೇಲೆ ಮಗು. ಇಳಿಸಿದೊಡನೆ ಅದು ತಾಯಿಯನ್ನು ಕೇಳಿದ್ದು, "ಅವ್ವ, ಒಗ್ಗರಣೆ ಹಾಕ್ತೀಯಾ?" ಎಂದು. ಆಕೆ ಆ ವಾರ ಶೆಡ್ಡಿಗೆ ಹೋಗಲಿಲ್ಲ. ಹೋಗದಿದ್ದರೆ ಮಾಲೀಕ ಏನೆಂದಾನು ಎಂದು ನಾನು ಕೇಳಿದೆ. ಆಕೆ ಬರೀ ನಕ್ಕಳು.

ವಾರ ಮುಗಿದ ದಿನ ನಾನೂ ಮಾರುಕಟ್ಟೆಯ ಗೇಟಿಗೆ ಹೋದೆ. ಏನಾದರೂ ಗಲಾಟೆಯಾದರೆ ಇರಲಿ ಎಂದು ಆದೇಶದ ನಕಲು ಜೇಬಿನಲ್ಲಿತ್ತು. ಬಿಸಿಲು ಹೇಗಿತ್ತೆಂದರೆ ಟಾರು ಚಪ್ಪಲಿಗೆ ಅಂಟುತ್ತಿತ್ತು, ಹರಾಜಿನವರು ಗೋಣಿಚೀಲ ತಲೆಗೆ ಹಾಕಿಕೊಂಡು ಓಡಾಡುತ್ತಿದ್ದರು. ಆಕೆ ಮಗುವಿಗೆ ತಲೆಗೆರೆದು, ಬೇರೆ ಎತ್ತಿಟ್ಟಿದ್ದ ಲಂಗ ತೊಡಿಸಿ, ಎರಡು ಜಡೆ ಬಿಗಿಯಾಗಿ ಹೆಣೆದು ಕರೆತಂದಿದ್ದಳು. ಮಗು ಮಾತಾಡುತ್ತಲೇ ಇತ್ತು. ಆಕೆ 'ಹೂಂ' ಎನ್ನುವುದನ್ನೂ ಮರೆತಿದ್ದಳು.

ಅಪ್ಪ ಬಸ್ಸಿಳಿದು ಬಂದ. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಮಗಳ ತಲೆ ಮುಟ್ಟಿದ, ಕೈ ಹಿಡಿಯಲಿಲ್ಲ. ಗೇಟಿನ ಕಂಬ ನೋಡುತ್ತ ಹೇಳಿದ:

"ನಮ್ಮವ್ವ ಹೇಳ್ ಕಳಿಸವ್ಳೆ. ಮನೆ ಇನ್ನೂ ಆರಿಲ್ವಂತೆ. ಇನ್ನೊಂದ್ ನಾಕ್ ದಿನ ಬುಟ್ಟು ಬತ್ತೀನಿ."

ನಾನು ಆಕಾಶ ನೋಡಿದೆ. ಒಂದು ಮೋಡವಿಲ್ಲ. ಆ ಬಿಸಿಲಿಗೆ ಕೆರೆಯೇ ಆರುತ್ತಿತ್ತು, ಇನ್ನು ಸುಣ್ಣದ ಗೋಡೆ ಯಾವ ಲೆಕ್ಕ. "ಅಲ್ಲ, ಈ ಬಿಸಿಲಲ್ಲಿ..." ಎಂದು ಬಾಯಿ ತೆರೆದೆ.

ಪಕ್ಕದಿಂದ ಮೂಗಿನೊಳಗಿನ ಸಣ್ಣದೊಂದು ಕೆಮ್ಮು ಬಂತು. ಸೀನಿಯರ್ ಎಲ್ಲಿಂದ ಬಂದರು ಎಂದು ತಿರುಗಿ ನೋಡಿದೆ. ಕೆಮ್ಮಿದ್ದು ನನ್ನ ಕಕ್ಷಿದಾರಳು. ನಮ್ಮ ಆಫೀಸಿನ ಬೆಂಚಿನ ಮೇಲೆ ಇಷ್ಟು ದಿನ ಕೂತದ್ದು ವ್ಯರ್ಥವಾಗಿರಲಿಲ್ಲ.

"ನಮ್ಮತ್ತೆಮ್ಮ ಸುಳ್ ಹೇಳೋಳಲ್ಲ ಸಾ," ಎಂದಳು, ನನ್ನ ಮುಖ ನೋಡದೆ. "ಆರಿಲ್ಲ ಅಂದ್ರೆ ಆರಿಲ್ಲ."

ಅಪ್ಪ ಹೊರಡಲಿಲ್ಲ. ಗೇಟಿನ ನೆರಳಲ್ಲಿ ಮಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಜಡೆಯನ್ನು ಬೆರಳಿನಿಂದ ಎತ್ತಿ ನೋಡಿದ. "ಇದ್ ಹೆಂಗ್ ಹಾಕದು, ಒಸಿ ತೋರ್ಸು," ಎಂದ.

ಆಕೆ ಬಂದು ಪಕ್ಕದಲ್ಲಿ ಕೂತು ಒಂದು ಜಡೆಯನ್ನು ಬುಡದವರೆಗೂ ಬಿಚ್ಚಿದಳು. "ನಿಧಾನಕ್ಕೆ ಹಾಕ್ತೀನಿ, ನೋಡ್ಕಳಿ."

ನಾನು ಆದೇಶದ ನಕಲನ್ನು ಜೇಬಿನಲ್ಲೇ ಮಡಿಸಿಕೊಂಡು, ಬಾಯಿ ಮುಚ್ಚಿಕೊಂಡು ನಿಂತೆ.